ಹಳೆಯ ಮನೆಗಳನ್ನು ನೋಡಲು ಬಂದವರು

ಗಂಭೀರವಾಗಿ ಕೆಲಸ ಮಾಡಬೇಕೆಂದು ಹೊರಟ ದಿನವೇ ನಗೆಪಾಟಲಾಗುವ ಸಂಗತಿಗಳು ನಡೆಯುತ್ತವೆ. ಇದು ನನ್ನೊಬ್ಬನ ಅನುಭವವಲ್ಲ, ಕಚೇರಿಯಲ್ಲಿ ಕುರ್ಚಿ ಸವೆಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಇಲ್ಲಿಯವರೆಗೆ ಬರೆದದ್ದೆಲ್ಲ ಕಚೇರಿಯ ಕಾಗದ. ಅಲ್ಲಿ ಒಂದು ಮಾತನ್ನು ಮೂರು ಸಲ ಹೇಳಿದರೆ ತಪ್ಪಿಲ್ಲ, ಒಂದೇ ಸಲ ಹೇಳಿದರೆ ಕಾಗದ ವಾಪಸು ಬರುತ್ತದೆ. ಆದ್ದರಿಂದ ಇಲ್ಲಿ ವಿವರಣೆ ಹೆಚ್ಚಾಯಿತು ಅನಿಸಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊದಲು ಕಾಲ ಹೇಳುತ್ತೇನೆ. ನಿಜಾಮರ ಆಳ್ವಿಕೆ ಹೋಗಿ ಕೆಲವು ವರ್ಷಗಳಾಗಿದ್ದವು. ನಮ್ಮ ಯಾದಗಿರಿ, ಶಹಾಪುರ, ಸುರಪುರಗಳು ಮೈಸೂರಿನವರ ಜೊತೆ ಸೇರಿ ಒಂದೇ ರಾಜ್ಯವಾದ ಹೊಸತು. ಕಚೇರಿಯ ಕಾಗದಗಳೆಲ್ಲ ಉರ್ದುವಿನಿಂದ ಕನ್ನಡಕ್ಕೆ ಬರುತ್ತಿದ್ದವು. ನಾನು ಶಾಲೆಯಲ್ಲಿ ಓದಿದ್ದು ಉರ್ದು, ಮನೆಯಲ್ಲಿ ಆಡಿದ್ದು ಕನ್ನಡ. ಎರಡೂ ಬರುತ್ತಿದ್ದುದರಿಂದ ಸುರಪುರದ ಒಂದು ಸಣ್ಣ ಕಚೇರಿಯಲ್ಲಿ ನನ್ನನ್ನು ಹಂಗಾಮಿ ಗುಮಾಸ್ತನಾಗಿ ತೆಗೆದುಕೊಂಡಿದ್ದರು. ಹಂಗಾಮಿ ಎಂದರೆ ಇವತ್ತು ಕುರ್ಚಿ ಇದೆ, ನಾಳೆ ಬಂದಾಗ ಇದ್ದರೆ ಇದೆ.

ಅದೇ ಹೊತ್ತಿಗೆ ನನ್ನ ಸೋದರಮಾವ ಕಕ್ಕೇರಾದ ಒಬ್ಬ ರೈತರ ಮಗಳನ್ನು ನನಗೆ ನೋಡಿದ್ದರು. ಹುಡುಗಿಯನ್ನು ನಾನು ಒಂದೇ ಸಲ, ಮಾವನ ಮನೆಯಲ್ಲಿ, ನೋಡಿದ್ದೆ. ಗಾಬರಿಯಲ್ಲಿ ಖಾಲಿ ಬಟ್ಟಲಿನಿಂದ ಎರಡು ಸಲ ಚಹಾ ಕುಡಿದೆ. ಅವಳು ಅದನ್ನು ನೋಡಿ ನಕ್ಕಳು. ಆ ನಗುವಿನ ಮೇಲೆ ನನ್ನ ಜೀವ ನಿಂತಿತ್ತು. ಆದರೆ ಅವಳ ತಂದೆ ಎರಡು ಶರತ್ತು ಹಾಕಿದ್ದರು. "ಹುಡುಗ ನೌಕರಿಯಾಗ ಖಾಯಂ ಆಗಬೇಕು. ಮತ್ತ ಅವರ ಮನಿ ನಾನಾ ಬಂದು ನೋಡಬೇಕು. ಯಾವಾಗ ಬರ್ತೀನಿ ಅಂತ ಹೇಳಂಗಿಲ್ಲ." ಹೇಳಿ ಬಂದರೆ ಎಲ್ಲರ ಮನೆಯೂ ಚೆಂದವೇ ಇರುತ್ತದೆ ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪೆಂದು ನಾನು ಹೇಳಲಾರೆ.

ಸುಣ್ಣ

ಒಂದು ದಿನ ಕಚೇರಿಗೆ ಕಾಗದ ಬಂತು. ಮೈಸೂರಿನ ಕಡೆಯ ಹಿರಿಯ ಅಧಿಕಾರಿಯೊಬ್ಬರು ಪತ್ನಿಸಮೇತ ಬರುತ್ತಾರೆ, ಯಾದಗಿರಿಯ ಕೋಟೆ, ಶಹಾಪುರದ ಗುಡ್ಡ, ಸುರಪುರದ ಅರಮನೆ ಮತ್ತು ಹಳೆಯ ಮನೆಗಳ ಓಣಿ ನೋಡಿ ವರದಿ ಬರೆಯುತ್ತಾರೆ, ಜೊತೆಗೆ ಒಬ್ಬರನ್ನು ಕೊಡಬೇಕು ಎಂದು ಅದರಲ್ಲಿತ್ತು. ಓದಿ ಹೇಳಿದವನು ನಾನು. ನಮ್ಮ ಸಾಹೇಬರಿಗೆ ಕನ್ನಡ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

"ಕೋಟಿ ಸರಿ, ಗುಡ್ಡ ಸರಿ," ಎಂದರು ಸಾಹೇಬರು. "ಹಳೇ ಮನಿ ನೋಡಾಕ ರೈಲ್ ಹತ್ತಿ ಯಾರ್ ಬರ್ತಾರ ಭಾಯಿ? ಇದು ಚೆಕಿಂಗ್. ಬಿಲ್ಕುಲ್ ಚೆಕಿಂಗ್!"

ಅಷ್ಟು ಹೇಳಿ ನನ್ನನ್ನೇ ಜೊತೆಗೆ ನೇಮಿಸಿದರು. "ನೋಡು, ಅವರು ಖುಷಿಯಾಗಿ ಹೋಗಿ ನಿನ್ನ ಬಗ್ಗೆ ನಾಲ್ಕು ಚಲೋ ಮಾತು ಬರದ್ರು ಅಂದ್ರ ನಿನ್ನ ಖಾಯಂ ಕಾಗದ ಗುಲ್ಬರ್ಗಾದ ದೊಡ್ಡ ಕಚೇರಿಯಾಗ ಹೊರಳ್ತದ. ತಕರಾರು ಬರದ್ರು ಅಂದ್ರ ನಾನೂ ಏನೂ ಮಾಡಾಕ ಬರಂಗಿಲ್ಲ."

ನನ್ನ ನೌಕರಿ, ನೌಕರಿಯ ಹಿಂದೆ ನನ್ನ ಲಗ್ನ, ಎರಡೂ ಯಾರೋ ಒಬ್ಬರ ಪೆನ್ನಿನ ತುದಿಗೆ ಬಂದು ಕೂತವು.

ಇಲ್ಲಿ ಓಣಿಯ ಬಗ್ಗೆ ಸ್ವಲ್ಪ ಹೇಳಬೇಕು. ಆ ಹಳೆಯ ಮನೆಗಳ ಓಣಿ ಎಂದರೆ ನಮ್ಮದೇ ಓಣಿ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಒಳಗೆ ಮರದ ಕಂಬಗಳು. ನಮ್ಮ ಮನೆ ದೊಡ್ಡ ವಾಡೆಯೇನಲ್ಲ, ಆರು ಅಂಕಣದ್ದು. ಅಂಕಣ ಎಂದರೆ ಒಂದು ಸಾಲು ಕಂಬದಿಂದ ಇನ್ನೊಂದು ಸಾಲಿನವರೆಗಿನ ಜಾಗ. ನಮ್ಮಲ್ಲಿ ಮನೆಯನ್ನು ಅಳೆಯುವುದೇ ಹಾಗೆ. ಆದರೆ ಬಾಗಿಲು ಮಾತ್ರ ಓಣಿಗೇ ಹೆಸರಾದದ್ದು: ತೇಗದ ಮರ, ಚೌಕಟ್ಟಿನ ತುಂಬ ಕೆತ್ತಿದ ಗಿಳಿ, ಬಳ್ಳಿ. ಅದಕ್ಕೆ ನಾನು ಒಳಗೊಳಗೇ ಧೈರ್ಯದಿಂದಿದ್ದೆ.

ಸಂಜೆ ಮನೆಗೆ ಬಂದು ನೋಡಿದರೆ, ಖಬರು ನನಗಿಂತ ಮೊದಲು ಓಣಿ ಮುಟ್ಟಿತ್ತು. ಎರಡೂ ಕಡೆ ಮನೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಹಳೆಯದನ್ನು ನೋಡಲು ಅಧಿಕಾರಿ ಬರುತ್ತಾನೆಂದು ಓಣಿಯವರೆಲ್ಲ ಸೇರಿ ಹೊಸ ಸುಣ್ಣ ಬಳಿದಿದ್ದರು! ನಮ್ಮ ಬಾಗಿಲಿನ ಗಿಳಿಗಳ ಮೇಲೆ ಅಜ್ಜಿ ಹಸಿರು ಬಣ್ಣ ಹೊಡೆಸಿ, ಪಕ್ಕದಲ್ಲಿ ನಿಂತಿದ್ದಳು.

"ಯಾಕ ಅಜ್ಜಿ ಹಿಂಗ ಮಾಡ್ದಿ?" ಎಂದೆ. ಅಳು ಬಂದಿತ್ತು.

"ಮತ್ತ? ಮುನ್ನೂರು ವರ್ಷದ ಕೊಳಿ ತೋರಸ್ತೀಯೇನು ಪರಊರ ಮಂದಿಗಿ?"

ನಾನು ಸಾಹೇಬರ ಹತ್ತಿರ ಓಡಿದೆ. ಅವರು ಎಲ್ಲ ಕೇಳಿ, ಗಡ್ಡ ತುರಿಸಿಕೊಂಡು, ಶಾಂತವಾಗಿ ಹೇಳಿದರು:

"ಹಳೇದು ಕಾಣಬೇಕಷ್ಟ ಅಲ್ಲ? ಹಂಗಾದ್ರ ಸುಣ್ಣದ ಮ್ಯಾಲ ಒಂದೀಟು ಮಸಿ ಬಳೀರಿ."

ಯಾದಗಿರಿಯ ಆಡುಗಳು

ಅತಿಥಿಗಳು ಬೆಳಗಿನ ರೈಲಿಗೆ ಯಾದಗಿರಿಯಲ್ಲಿ ಇಳಿದರು. ಅಧಿಕಾರಿಗಳು ತೆಳ್ಳಗೆ, ಎತ್ತರಕ್ಕೆ, ಕೈಯಲ್ಲಿ ಒಂದು ನೋಟುಬುಕ್ಕು. ಅವರ ಹೆಂಡತಿ, ನಾವು ಅಮ್ಮಾವ್ರು ಎಂದು ಕರೆದವರು, ದುಂಡಗೆ, ನಗುಮುಖ. ಇಬ್ಬರೂ ನಮ್ಮನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಜೀಪಿನ ಚಾಲಕ ಗಾಬರಿಯಾಗಿ ಎರಡು ಸಲ ಹಿಂದೆ ತಿರುಗಿ ನೋಡಿದ, ತನ್ನ ಬೆನ್ನ ಹಿಂದೆ ಇನ್ಯಾರೋ ದೊಡ್ಡವರು ನಿಂತಿದ್ದಾರೆಂದು.

ಅಧಿಕಾರಿಗಳಿಗೆ ಒಂದು ಅಭ್ಯಾಸವಿತ್ತು. ಕಂಡದ್ದನ್ನೆಲ್ಲ ಎಣಿಸುವುದು. ಕೋಟೆ ಹತ್ತುವಾಗ ಮೆಟ್ಟಿಲು ಎಣಿಸಿದರು, ಬಾಗಿಲುಗಳನ್ನು ಎಣಿಸಿದರು. ಮೇಲೆ ಹಳೆಯ ಫಿರಂಗಿಯ ನೆರಳಿನಲ್ಲಿ ಆಡು ಮೇಯಿಸುವ ಮುದುಕನೊಬ್ಬ ಕೂತಿದ್ದ. ಅಧಿಕಾರಿಗಳು ಬೆರಳು ಚಾಚಿ ಆಡುಗಳನ್ನೂ ಎಣಿಸಿದರು. "ಮೂವತ್ತೇಳು," ಎಂದು ಗಟ್ಟಿಯಾಗಿ ಹೇಳಿ ಬರೆದುಕೊಂಡರು.

ಮುದುಕ ಚೇಳು ಕಡಿದವನಂತೆ ಎದ್ದ. "ಏ ಸಾಹೇಬಾ! ಯಾರ್ ಹೇಳ್ಯಾರ ನಿಮಗ ಎಣಿಸಾಕ?"

ಇದನ್ನು ವಿವರಿಸಬೇಕು. ನಮ್ಮ ಕಡೆ ಕುರಿ, ಆಡು ಸಾಕುವವರು ಹಿಂಡನ್ನು ಎಣಿಸುವುದಿಲ್ಲ. ಒಂದೊಂದರ ಮುಖವೂ ಅವರಿಗೆ ಗೊತ್ತು, ಒಂದು ತಪ್ಪಿಸಿಕೊಂಡರೂ ತಿಳಿಯುತ್ತದೆ. ಬೆರಳು ಮಾಡಿ ಎಣಿಸಿದರೆ ಹಿಂಡು ಅಲ್ಲಿಗೇ ನಿಲ್ಲುತ್ತದೆ, ಮುಂದೆ ಬೆಳೆಯುವುದಿಲ್ಲ ಎಂದು ನಂಬುತ್ತಾರೆ. ನಾನು ಅದನ್ನು ಅಧಿಕಾರಿಗಳಿಗೆ ಹೇಳಿದೆ. ಅವರು ನಿಜವಾಗಿ ನೊಂದುಕೊಂಡರು. "ಈಗ ಏನು ಮಾಡಬೇಕು, ಕೇಳಿ."

"ತಪ್ಪು ಎಣಿಸ್ರಿ," ಎಂದ ಮುದುಕ. "ಹೆಚ್ಚು ಹೇಳ್ರಿ, ಕಡಿಮಿ ಹೇಳ್ರಿ, ಖರೇ ಮಾತ್ರ ಹೇಳಬ್ಯಾಡ್ರಿ."

"ಅದು ಹೇಗಾಗುತ್ತಪ್ಪ? ಇರೋದು ಮೂವತ್ತೇಳು. ನನ್ನ ಸರ್ವೀಸಿನಲ್ಲೇ ನಾನು ತಪ್ಪು ಅಂಕಿ ಕೊಟ್ಟಿಲ್ಲ."

"ಮತ್ತ ಹೇಳಿದ್ರಲ್ರಿ ಅದನ್ನಾ!"

ಮುದುಕ ಕೋಲೂರಿ ಮೆಟ್ಟಿಲಿಗೆ ಅಡ್ಡ ನಿಂತ. ಅಧಿಕಾರಿಗಳು ನೋಟುಬುಕ್ಕು ಎದೆಗವಚಿಕೊಂಡು ನಿಂತರು. ನನ್ನ ಖಾಯಂ ನೌಕರಿ ಆ ಇಬ್ಬರ ನಡುವೆ ಬಿಸಿಲಿನಲ್ಲಿ ಒಣಗತೊಡಗಿತು. ಆಗ ಅಮ್ಮಾವ್ರು ಮುಂದೆ ಬಂದು, ಆಡುಗಳ ಮೇಲೆ ಹಾಗೇ ಕೈಯಾಡಿಸಿ, "ಅಜ್ಜ, ನಾನು ಎಣಿಸಿದೆ. ನೂರಾ ಎಪ್ಪತ್ತು!" ಎಂದರು.

ಮುದುಕನ ಮುಖ ಅರಳಿತು. "ತಾಯಿ, ನಿನ್ನ ಬಾಯಿಲೆ ಬಂತು, ಅಷ್ಟಾ ಆಗ್ತಾವ," ಎಂದು ದಾರಿ ಬಿಟ್ಟ.

ಇಳಿಯುವಾಗ ನಾನು ಅಮ್ಮಾವ್ರಿಗೆ ಕೈ ಮುಗಿದೆ. ಅವರು ಮೆಲ್ಲಗೆ ಹೇಳಿದರು: "ನಮ್ಮನೇಲಿ ದಿನಾ ಇದೇ ಕಣಪ್ಪ. ಅವರು ನಿಜ ಹೇಳ್ತಾರೆ, ನಾನು ಹಿಂದೆ ಬಂದು ಸರಿ ಮಾಡ್ತೀನಿ."

ಶಹಾಪುರದ ಗುಡ್ಡ

ಶಹಾಪುರದ ಗುಡ್ಡಗಳ ಸಾಲು ದೂರದಿಂದ ನೋಡಿದರೆ ಮನುಷ್ಯ ಅಂಗಾತ ಮಲಗಿದಂತೆ ಕಾಣುತ್ತದೆ. ಈಗ ಎಲ್ಲರೂ ಮಲಗಿದ ಬುದ್ಧ ಎನ್ನುತ್ತಾರೆ. ರಸ್ತೆಯ ಒಂದು ಜಾಗದಲ್ಲಿ ನಿಂತರೆ ಹಣೆ, ಮೂಗು, ತುಟಿ, ಎದೆ ಎಲ್ಲ ಸ್ಪಷ್ಟ. ಎಲ್ಲರಿಗೂ ಸ್ಪಷ್ಟ ಎಂದು ನಾನು ತಿಳಿದಿದ್ದೆ.

ಜೀಪು ನಿಲ್ಲಿಸಿದೆವು. ಅಮ್ಮಾವ್ರು ಇಳಿಯುವ ಮೊದಲೇ, "ಅಯ್ಯೋ, ಎಷ್ಟು ನೆಮ್ಮದಿಯಾಗಿ ಮಲಗಿದ್ದಾನೆ!" ಎಂದರು.

"ಎಲ್ಲಿ?" ಎಂದರು ಅಧಿಕಾರಿಗಳು.

ನಾನು ಮೂಗು ತೋರಿಸಿದೆ. ಅವರಿಗೆ ಬಂಡೆ ಕಂಡಿತು. ಚಾಲಕ ಹಣೆ ತೋರಿಸಿದ. ಅವರಿಗೆ ಇನ್ನೊಂದು ಬಂಡೆ ಕಂಡಿತು. ಕನ್ನಡಕ ಒರೆಸಿದರು, ತಲೆ ವಾಲಿಸಿದರು, ಕೊನೆಗೆ ಬೇಸರದಿಂದ, "ವರದಿಯಲ್ಲಿ 'ಇದೆ ಎಂದು ಹೇಳುತ್ತಾರೆ' ಅಂತ ಬರೀತೀನಿ," ಎಂದರು. 'ಹೇಳುತ್ತಾರೆ' ಎಂದು ಬರೆದರೆ ಹೇಳಿದವನು ನಾನೇ ಅಲ್ಲವೇ?

ರಸ್ತೆಯ ಪಕ್ಕದ ಚಹಾದಂಗಡಿಯವ ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ಅದು ತನ್ನ ಊರಿನ ಮಾನದ ಪ್ರಶ್ನೆ. ಹೊಟ್ಟೆ ತುಸು ಮುಂದಿದ್ದ ಮನುಷ್ಯ. ಬೆಂಚಿನ ಮೇಲೆ ಗುಡ್ಡದ ತಲೆ ಇದ್ದ ದಿಕ್ಕಿಗೇ ತಲೆಯಿಟ್ಟು ಅಂಗಾತ ಮಲಗಿ, "ಸಾಹೇಬ್ರ, ಮೊದಲ ನನ್ನ ನೋಡ್ರಿ, ಆಮ್ಯಾಲ ಅವನ್ನ ನೋಡ್ರಿ," ಎಂದ.

ಅಧಿಕಾರಿಗಳು ಬಗ್ಗಿ ಅವನನ್ನು ನೋಡಿದರು. ಗುಡ್ಡ ನೋಡಿದರು. ಮತ್ತೆ ಅವನನ್ನು ನೋಡಿದರು. "ಹಣೆ... ಮೂಗು... ಗದ್ದ..." ಎಂದು ಇಬ್ಬರನ್ನೂ ತಾಳೆ ಹಾಕುತ್ತ ಹೋಗಿ ಒಮ್ಮೆಲೇ, "ಸಿಕ್ಕಿದ! ಸಿಕ್ಕಿದ!" ಎಂದು ಕೂಗಿದರು. ನೋಟುಬುಕ್ಕಿನಲ್ಲಿ ಚಿತ್ರ ಬರೆದರು. ಹೊಟ್ಟೆಯ ಜಾಗದಲ್ಲಿ ಅವರು ಬರೆದದ್ದು ಗುಡ್ಡದ ಹೊಟ್ಟೆಯಲ್ಲ, ಅಂಗಡಿಯವನದು ಎಂದು ನನಗೆ ಅನುಮಾನವಿದೆ.

ಚಿತ್ರ ಮುಗಿಯುವವರೆಗೆ ಅಲುಗಾಡಬೇಡ ಎಂದಿದ್ದೆವು. ಮುಗಿಯಿತು, ಏಳಪ್ಪ ಎಂದರೆ ಅವನು ಏಳಲಿಲ್ಲ. ಕೋಳಿ ಕೂಗುವ ಹೊತ್ತಿಗೆದ್ದು ಒಲೆ ಹಚ್ಚಿದ ಮನುಷ್ಯ, ಬೆಂಚು ತಣ್ಣಗಿತ್ತು, ಗೊರಕೆ ಹೊಡೆಯುತ್ತಿದ್ದ. ಅಮ್ಮಾವ್ರೇ ಸೆರಗು ಸಿಕ್ಕಿಸಿ ಚಹಾ ಮಾಡಿದರು. ನಾವು ಕುಡಿಯುವಷ್ಟರಲ್ಲಿ ಇನ್ನೂ ಇಬ್ಬರು ಗಿರಾಕಿಗಳು ಬಂದರು, ಅವರಿಗೂ ಕೊಟ್ಟರು. ಒಬ್ಬ ಕುಡಿದು, ಮೀಸೆ ಒರೆಸಿಕೊಂಡು ಹೇಳಿದ:

"ಅಕ್ಕಾ, ಅಂವ ಮಲಗೇ ಇರಲಿ. ದಿನಾ ನೀನಾ ಬಾ."

ನಮ್ಮ ಓಣಿ

ಮರುದಿನ ಸುರಪುರ. ಗುಡ್ಡದ ಮೇಲಿನ ಹಳೆಯ ಬಂಗಲೆ ನೋಡಿ, ಅರಮನೆಗೆ ಬಂದರೆ ಒಂದು ಹಜಾರಕ್ಕೆ ಬೀಗ. ಕೀಲಿ ಇದ್ದವರು ಹೊಲಕ್ಕೆ ಹೋಗಿದ್ದಾರೆಂದು ತಿಳಿಯಿತು. ನಾನು ಅತಿಥಿಗಳನ್ನು ನಮ್ಮ ಓಣಿಯ ಬಾಯಿಗಿದ್ದ ಬೇವಿನ ಕಟ್ಟೆಯ ಮೇಲೆ ಕೂರಿಸಿ, "ನಾನು ಬರುವವರೆಗೆ ಇಲ್ಲೇ ಇರಿ," ಎಂದು ಹೇಳಿ ಕೀಲಿ ತರಲು ಓಡಿದೆ. ಓಣಿಯಲ್ಲಿ ನನ್ನ ಮನೆ ಇದೆ ಎಂದು ಅವರಿಗೆ ಹೇಳಿರಲಿಲ್ಲ. ಹೇಳಿದರೆ ದೊಡ್ಡಸ್ತಿಕೆ ಆಗುತ್ತದೆ ಎಂದು ಸಂಕೋಚ. ಆ ಒಂದು ತಾಸಿನಲ್ಲಿ ನಡೆದದ್ದನ್ನು ಆಮೇಲೆ ನಾಲ್ಕಾರು ಬಾಯಿಗಳಿಂದ ಕೇಳಿ ಜೋಡಿಸಿದ್ದೇನೆ.

ಅಧಿಕಾರಿಗಳಿಗೆ ಕಟ್ಟೆಯ ಮೇಲೆ ಕೂತು ಸಾಕಾಯಿತು. ಹೆಂಡತಿಯನ್ನು ಕರೆದುಕೊಂಡು ಓಣಿಯೊಳಗೆ ನಡೆದರು. ಹಸಿರು ಗಿಳಿಗಳ ಬಾಗಿಲು ಕಂಡಿತು. ತೆರೆದಿತ್ತು. ಒಳಗೆ ಹೋದರು.

ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದಳು. ನೋಡಿದಳು: ವಯಸ್ಸಾದ ಗಂಡ ಹೆಂಡತಿ, ಒಳ್ಳೆಯ ಸೀರೆ, ಕೊರಳಲ್ಲಿ ಸರ. ಗಂಡಸು ಮಾತಿಲ್ಲದೆ ತಲೆಯೆತ್ತಿ ತೊಲೆಗಳನ್ನು ಎಣಿಸಿದ. ಕಂಬಗಳನ್ನು ಮುಟ್ಟಿ ಮುಟ್ಟಿ ಎಣಿಸಿದ. ಹಗೇವಿನ ಮುಚ್ಚಳ ತೆಗೆದು ಬಗ್ಗಿ ನೋಡಿದ. ಹಗೇವು ಎಂದರೆ ಜೋಳ ತುಂಬಿಡುವ ನೆಲದ ಕುಳಿ. ಬಾವಿಯ ಆಳ ಎಷ್ಟೆಂದು ಕಲ್ಲು ಹಾಕಿ ನೋಡಿದ. ಎಲ್ಲ ಬರೆದುಕೊಂಡ.

ನಮ್ಮ ಕಡೆ ಪರರ ಮನೆಯಲ್ಲಿ ಹೀಗೆ ಮಾಡುವವರು ಒಬ್ಬರೇ: ಹೆಣ್ಣು ಕೊಡುವವರು. ಮಗಳು ಬಾಳುವ ಮನೆಯಲ್ಲಿ ಎಷ್ಟು ಅಂಕಣ, ಹಗೇವಿನಲ್ಲಿ ಎಷ್ಟು ಕಾಳು, ಬಾವಿಯಲ್ಲಿ ಎಷ್ಟು ನೀರು ಎಂದು ಹೀಗೆಯೇ ನೋಡುತ್ತಾರೆ. ಅವರು ತಾವು ಯಾರೆಂದು ಹೇಳುವುದಿಲ್ಲ, ಮನೆಯವರು ಕೇಳುವುದೂ ಇಲ್ಲ. ಕೇಳಿದರೆ ಅವಸರ ಬಿದ್ದಂತಾಗುತ್ತದೆ. ಗೊತ್ತಿದ್ದೂ ಗೊತ್ತಿಲ್ಲದಂತೆ ನೀರು, ಬೆಲ್ಲ ಕೊಟ್ಟು, ಗಾಳಿಗೆ ಹೇಳಿದಂತೆ ಹುಡುಗನ ಗುಣ ಹೇಳಬೇಕು. ಅವರ ಮಾತು ಬೇರೆ ಥರ ಇದ್ದದ್ದಕ್ಕೂ ಅಜ್ಜಿ ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡ ಮಂದಿ, ರೇಡಿಯೋದಂತೆ ಮಾತಾಡುತ್ತಾರೆ ಎಂದುಕೊಂಡಳು. ಬೆಲ್ಲ, ನೀರು ಇಟ್ಟಳು. ಗಾಳಿಗೆ ಹೇಳತೊಡಗಿದಳು.

"ನಮ್ಮ ಮನಿಯಾಗ ಒಂದು ಹನಿ ಸೋರಂಗಿಲ್ಲ. ಹುಡುಗ ಕಚೇರಿಯಾಗ ಖಾಯಂ ಆಗ್ಯಾನ. ಅಂವ ಓದಿ ಹೇಳದ ಹೊರತು ಅವರ ಸಾಹೇಬ ದಸ್ಕತ್ ಮಾಡಂಗಿಲ್ಲ."

ಕೊನೆಯ ಮಾತು ನಿಜವೇ.

"ಈಗ ಮೈಸೂರ ಕಡೆಯಿಂದ ಒಬ್ಬ ಅಧಿಕಾರಿ ಬಂದಾನಂತ. ಓದಿದವ ಖರೇ, ಆದ್ರ ಎದುರಿಗಿದ್ದ ಗುಡ್ಡ ಕಾಣಂಗಿಲ್ಲಂತ ಅವನಿಗಿ! ಆಡು ಕಂಡ್ರ ಎಣಸ್ತಾನಂತ. ನಮ್ಮ ಹುಡುಗನಾ ಅವನ ಕೈ ಹಿಡಿದು ತಿರುಗ್ಸಾಕತ್ಯಾನ. ಇಲ್ಲಂದ್ರ ಎಲ್ಲೆರ ಬಾವಿಗಿ ಬೀಳ್ತಿದ್ದ."

ಇದೆಲ್ಲ ಹಿಂದಿನ ದಿನ ಊಟ ಮಾಡುತ್ತ ನಾನೇ ಅಜ್ಜಿಗೆ ಹೇಳಿದ್ದು. ಆದರೆ ಬಾವಿಯ ಮಾತು ಅವಳದೇ.

ಅಧಿಕಾರಿಗಳು ಬರೆಯುವುದನ್ನು ನಿಲ್ಲಿಸಿದರು. ಅಮ್ಮಾವ್ರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಗು ನುಂಗಿ, "ಹುಡುಗನ ಸ್ವಭಾವ ಹೇಗಮ್ಮ?" ಎಂದು ಕೇಳಿದರು.

"ಆಕಳಂಥವ," ಎಂದಳು ಅಜ್ಜಿ. "ಕಕ್ಕೇರಾದ ಹುಡುಗಿಗಿ ನೋಡಿ ಬಂದಾಗಿಂದ ಆ ಆಕಳ ಮೇವೂ ಬಿಟ್ಟದ."

ಅದೇ ಹೊತ್ತಿಗೆ ಓಣಿಯ ಬಾಯಿಗೆ ಇನ್ನೊಬ್ಬರು ಬಂದರು. ಬಿಳಿ ಧೋತರ, ದೊಡ್ಡ ರುಮಾಲು, ಬೆಳ್ಳಿ ಕಟ್ಟಿದ ಕೋಲು. ಕಕ್ಕೇರಾದ ಹೆಣ್ಣಿನ ನಿಜವಾದ ತಂದೆ! ಅವರೂ ಮಾತಿಲ್ಲದೆ ಮನೆಗಳನ್ನು ದಿಟ್ಟಿಸಿ ನೋಡುತ್ತ ನಡೆದರು. ಸುಣ್ಣ ಬಳಿದು ಮೂರು ದಿನದಿಂದ ಅಧಿಕಾರಿಯ ದಾರಿ ಕಾಯುತ್ತಿದ್ದ ಓಣಿಯವರು ಇವರೇ ಅಧಿಕಾರಿ ಎಂದು ಗುರುತು ಹಿಡಿದೇಬಿಟ್ಟರು. ಅಧಿಕಾರಿ ಬಂದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು: ಇದ್ದ ಬಿದ್ದ ಕಷ್ಟ ಹೇಳಿಕೊಳ್ಳಬೇಕು, ದುರಸ್ತಿ ಕೇಳಬೇಕು.

"ನೋಡ್ರಿ ಸಾಹೇಬ್ರ, ಈ ಮಾಳಿಗಿ ಮಳಿಗಾಲದಾಗ ಜರಡಿ ಆಗ್ತದ."

"ಈ ಗ್ವಾಡಿ ನಾಳಿಗಿ ಬೀಳ್ತದೋ ನಾಡದು ಬೀಳ್ತದೋ."

"ನಮ್ಮ ಬಾವ್ಯಾಗ ನೀರೇ ಇಲ್ರಿ, ಕಪ್ಪಿ ಅದಾವ."

ಹೆಣ್ಣಿನ ತಂದೆ ಯಾರನ್ನೂ ಏನೂ ಕೇಳಿರಲಿಲ್ಲ. "ಹೌದಾ? ಹೌದಾ?" ಎನ್ನುತ್ತ ಬಂದರು. ಹದಿನೈದು ಮಂದಿ ಹಿಂದೆ. ನಾನು ಕೀಲಿ ಹಿಡಿದು ಓಡಿ ಬಂದಾಗ ಈ ಮೆರವಣಿಗೆ ಸರಿಯಾಗಿ ನಮ್ಮ ಮನೆಯ ಮುಂದೆ ನಿಂತಿತ್ತು. ಪಕ್ಕದ ಮನೆಯ ಕಾಕಾ ನನ್ನ ಬಾಗಿಲು ತೋರಿಸಿ ಹೇಳುತ್ತಿದ್ದ:

"ಇದಂತೂ ಮುಂದಿನ ಮಳಿಗಿ ಕುಸೀತದ್ರಿ. ಬಡಮಂದಿ. ಹುಡುಗ ಒಬ್ಬ ಅದಾನ, ಹಂಗಾಮಿ."

ಹೊಸ್ತಿಲಿನ ಒಳಗೆ ಅಧಿಕಾರಿಗಳು, ಹೊರಗೆ ಬೀಗರು, ನಡುವೆ ಅಜ್ಜಿ. ಅಮ್ಮಾವ್ರು ನನ್ನ ಮುಖ, ರುಮಾಲು, ಅಜ್ಜಿ ಮೂರನ್ನೂ ನೋಡಿದರು. ಅವರಿಗೆ ತಿಳಿಯಿತು. ಗಂಡನನ್ನು ಮೊಣಕೈಯಿಂದ ತಿವಿದರು.

ಅಧಿಕಾರಿಗಳು ಗಂಟಲು ಸರಿಮಾಡಿಕೊಂಡರು. "ನೋಡಿ ಯಜಮಾನರೇ, ನಾನು ಒಳಗೆಲ್ಲ ನೋಡಿದ್ದೀನಿ. ಕಂಬ ಒಂದೂ ವಾಲಿಲ್ಲ. ಹಗೇವಿನಲ್ಲಿ ಅರ್ಧದಷ್ಟು ಜೋಳ ಇದೆ. ಬಾವಿಯಲ್ಲಿ ನೀರಿದೆ. ಈ ಮನೆ ಬೀಳೋದಿಲ್ಲ."

"ನೀವು ಯಾರ್ರಿ?"

"ಮೈಸೂರಿನ ಕಡೆಯವನು. ಗುಡ್ಡ ಕಾಣದವನು."

ಅಜ್ಜಿ ಕೈಯಲ್ಲಿದ್ದ ಬೆಲ್ಲದ ತಟ್ಟೆ ಕೆಳಗಿಟ್ಟಳು. ಅವಳು ಸುಮ್ಮನಾದದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅದೂ ಅರ್ಧ ನಿಮಿಷ.

ಬೀಗರು ಕೋಲು ಊರಿ ನೇರ ವಿಷಯಕ್ಕೆ ಬಂದರು. "ಮನಿ ಬಿಡ್ರಿ. ಹುಡುಗ ಖಾಯಂ ಅದಾನೋ ಇಲ್ಲೋ, ಅದು ಹೇಳ್ರಿ."

ನಾನು ನೆಲ ನೋಡುತ್ತ ನಿಂತೆ. ಅಧಿಕಾರಿಗಳು ನೋಟುಬುಕ್ಕು ಮುಚ್ಚಿದರು. "ನಾಳೆ ಗುಲ್ಬರ್ಗಾದಲ್ಲಿ ನಾನೇ ಬರೆದುಕೊಡ್ತೀನಿ. ಇವರು ಖಾಯಂ ಆಗಬೇಕಾದ ಮನುಷ್ಯ."

"ಅಂದ್ರ ಇವತ್ತ ಆಗಿಲ್ಲ," ಎಂದರು ಬೀಗರು.

ಅಜ್ಜಿಗೆ ಬಾಯಿ ಬಂತು. "ಏ ಗೌಡಾ, ನಿನ್ನ ಮಗಳ ಲಗ್ನಾನೂ ಇವತ್ತ ಇಲ್ಲಲ್ಲ!"

ಮೊದಲು ನಕ್ಕವರು ಅಧಿಕಾರಿಗಳು. ಆಮೇಲೆ ಓಣಿಯೆಲ್ಲ. ಕೊನೆಗೆ ರುಮಾಲಿನ ಕೆಳಗೂ ಮೀಸೆ ಅಲುಗಿತು. ಅಜ್ಜಿ ಇಬ್ಬರನ್ನೂ ಒಂದೇ ಕಂಬಳಿಯ ಮೇಲೆ ಕೂರಿಸಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಪುಡಿ ಬಡಿಸಿದಳು. ಅರಮನೆಯ ಹಜಾರದ ಕೀಲಿ ನನ್ನ ಜೇಬಿನಲ್ಲೇ ಉಳಿಯಿತು. ಅದನ್ನು ಆ ದಿನ ಯಾರೂ ನೋಡಲಿಲ್ಲ.

ಖಾಯಂ ಆರ್ಡರು ಬಂದದ್ದು ನಮ್ಮ ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬೀಳುವುದಕ್ಕೆ ಮೂರು ದಿನ ಮೊದಲು. ಆದರೆ ಬೀಗರು ಒಪ್ಪಿದ್ದು ಅದಕ್ಕಲ್ಲವಂತೆ. ಅಂದು ಕಕ್ಕೇರಾಕ್ಕೆ ಮರಳಿ ಅವರು ಮನೆಯಲ್ಲಿ ಹೇಳಿದ್ದನ್ನು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ: "ಅಂಥ ಪ್ರಾಮಾಣಿಕ ಓಣಿ ನಾ ಎಲ್ಲೂ ನೋಡಿಲ್ಲ. ಕೇಳದನಾ ತಮ್ಮ ತಮ್ಮ ಮನಿ ಹುಳುಕು ತಾವಾ ಹೇಳ್ತಾರ. ಅಲ್ಲಿ ಮೋಸ ಇರಂಗಿಲ್ಲ. ಕಣ್ಮುಚ್ಚಿ ಮಗಳ್ನ ಕೊಡಬೇಕು."

ಮದುವೆಯಾಗಿ ಬಂದ ಮೊದಲ ಮಳೆಗಾಲ. ಧಾರಾಕಾರವಾಗಿ ಒಂದು ಇಡೀ ಹಗಲು ಸುರಿಯಿತು. ಜರಡಿಯಾಗುತ್ತದೆ ಎಂದಿದ್ದ ಮಾಳಿಗೆ ಒಣಗಿಯೇ ಇತ್ತು. ನಾಳೆ ಬೀಳುತ್ತದೆ ಎಂದಿದ್ದ ಗೋಡೆ ಗಟ್ಟಿಯಾಗಿ ನಿಂತಿತ್ತು. ಇಡೀ ಓಣಿಯಲ್ಲಿ ಸೋರಿದ್ದು ಒಂದೇ ಮನೆ, ಒಂದು ಹನಿಯೂ ಸೋರುವುದಿಲ್ಲ ಎಂದು ಅಜ್ಜಿ ಹೇಳಿದ ನಮ್ಮ ಮನೆ. ಹೊಸ ಸೊಸೆ ಪಡಸಾಲೆಯ ನಡುವೆ ತಲೆಯ ಮೇಲೆ ಹಿತ್ತಾಳೆ ಬೋಗುಣಿ ಹಿಡಿದು ನಿಂತಿದ್ದಳು. ಟಪ್ ಟಪ್ ಎಂದು ಅದರಲ್ಲಿ ಹನಿ ಬೀಳುತ್ತಿತ್ತು. ನನ್ನನ್ನು ನೋಡಿ ಅವಳು ಅವತ್ತಿನಂತೆಯೇ ನಕ್ಕಳು. ಆಮೇಲೆ ಕೇಳಿದಳು:

"ಅಲ್ರಿ, ಈ ಓಣಿಯಾಗ ಖರೇ ಹೇಳೋರು ಯಾರೂ ಇಲ್ಲೇನು?"